ಪ್ರೈಮ್95: ‘ಅವಿಭಾಜ್ಯವಲ್ಲ’ ಎಂಬ ಉತ್ತರದ ವಿಶ್ವಾಸಾರ್ಹತೆ

2ರ ಘಾತವೊಂದರಿಂದ 1 ಕಳೆದಾಗ ಸಿಗುವ ಅವಿಭಾಜ್ಯ ಸಂಖ್ಯೆಗಳಿಗೆ ಮರ್ಸೆನ್ ಅವಿಭಾಜ್ಯಗಳೆಂದು ಹೆಸರು. ಅವುಗಳ ಹುಡುಕಾಟಕ್ಕೆಂದು ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಆರಂಭಿಸಿದ, ಸ್ವಯಂಸೇವಕರ ಕಂಪ್ಯೂಟರ್‌ಗಳಿಂದ ನಡೆಯುವ ಗಿಂಪ್ಸ್ ಯೋಜನೆಯ ಉಚಿತ ತಂತ್ರಾಂಶವೇ ಪ್ರೈಮ್95. 2024ರ ಅಕ್ಟೋಬರ್‌ನಲ್ಲಿ ಈ ಯೋಜನೆಯಲ್ಲಿ ಪತ್ತೆಯಾದ, 2ರ 13,62,79,841ನೇ ಘಾತಕ್ಕಿಂತ 1 ಕಡಿಮೆಯಿರುವ ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. ಅದು ಸಿಕ್ಕಿದ್ದು ಗ್ರಾಫಿಕ್ಸ್ ಪ್ರೊಸೆಸರ್‌ಗಳ ಮೇಲೆ ನಡೆಯುವ ಬೇರೊಂದು ಪ್ರೋಗ್ರಾಂನಿಂದ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಪ್ರೈಮ್95 ಬಳಸುವ ಬಹುತೇಕರಿಗೆ ದೊರೆಯುವುದು ‘ಈ ಸಂಖ್ಯೆ ಅವಿಭಾಜ್ಯವಲ್ಲ’ ಎಂಬ ಉತ್ತರವೊಂದೇ. ಆದ್ದರಿಂದ ಆ ಉತ್ತರ ಎಷ್ಟು ನಂಬಲರ್ಹ ಎಂಬುದೇ ನನ್ನ ಮಟ್ಟಿಗೆ ಈ ತಂತ್ರಾಂಶದ ನಿಜವಾದ ಪರೀಕ್ಷೆ.

2ರ ಘಾತವೊಂದರಿಂದ 1 ಕಳೆದಾಗ ಸಿಗುವ ಯಾವುದೇ ಸಂಖ್ಯೆ ಮರ್ಸೆನ್ ಸಂಖ್ಯೆ. ಘಾತಾಂಕ ಬೆಸ ಅವಿಭಾಜ್ಯವಾಗಿದ್ದರೆ, ಅದರ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ ಆ ಘಾತಾಂಕದ ಇಮ್ಮಡಿಯ ಗುಣಕಕ್ಕಿಂತ 1 ಹೆಚ್ಚಿರುತ್ತದೆ, ಮತ್ತು 8ರಿಂದ ಭಾಗಿಸಿದಾಗ 1 ಅಥವಾ 7 ಶೇಷ ಉಳಿಸುತ್ತದೆ. 2ರ 11ನೇ ಘಾತದಿಂದ 1 ಕಳೆದಾಗ ಬರುವ 2047 ಎಂಬುದು 23 ಮತ್ತು 89ರ ಗುಣಲಬ್ಧ. ಎರಡೂ ಈ ನಿಯಮಕ್ಕೆ ಒಳಪಟ್ಟಿವೆ. ಈ ಗುಣದಿಂದಾಗಿ ಸಣ್ಣ ಅಪವರ್ತನಗಳ ಶೋಧ ಬೇಗ ಮುಗಿಯುತ್ತದೆ. ಅಪವರ್ತನ ಸಿಕ್ಕರೆ ಅದೇ ಸಾಕ್ಷಿ, ಯಾರು ಬೇಕಾದರೂ ಭಾಗಿಸಿ ನೋಡಬಹುದು.

ಅಪವರ್ತನ ಸಿಗದಿದ್ದಾಗ 3ರಿಂದ ಆರಂಭಿಸಿ, ಕೋಟ್ಯಂತರ ಬಾರಿ ವರ್ಗ ಮಾಡಿ ಶೇಷ ತೆಗೆಯುವ ಫರ್ಮಾ ಪರೀಕ್ಷೆ ನಡೆಯುತ್ತದೆ. ಇದರಲ್ಲಿ ಸೋತ ಸಂಖ್ಯೆ ಅವಿಭಾಜ್ಯವಲ್ಲ, ಗೆದ್ದದ್ದು ಬಹುಶಃ ಅವಿಭಾಜ್ಯ. ದಿನಗಟ್ಟಲೆ ಸಾಗುವ ಈ ಲೆಕ್ಕದಲ್ಲಿ ಯಂತ್ರಾಂಶದ ದೋಷದಿಂದ ಒಂದು ಬಿಟ್ ತಪ್ಪಿದರೂ ಉತ್ತರ ಹಾಳಾಗುತ್ತದೆ. ಮರ್ಸೆನ್ ಸಂಖ್ಯೆ ಅವಿಭಾಜ್ಯವೇ ಎಂಬುದನ್ನು ಖಚಿತವಾಗಿ ಹೇಳುವ, ಮೊದಲು ಬಳಸುತ್ತಿದ್ದ ಲ್ಯೂಕಾಸ್–ಲೆಹ್ಮರ್ ಪರೀಕ್ಷೆಯಲ್ಲಿ ಇಂಥ ತಪ್ಪನ್ನು ಹಿಡಿಯಲು ಇಡೀ ಲೆಕ್ಕವನ್ನು ಮತ್ತೊಮ್ಮೆ ಮಾಡಿ, ಕೊನೆಯ ಶೇಷಗಳನ್ನು ಹೋಲಿಸಬೇಕಿತ್ತು. ಈಗಿನ ವಿಧಾನದಲ್ಲಿ ಗೆರ್ಬಿಟ್ಜ್ ತಪಾಸಣೆ ಎಂಬ ದೋಷಪರಿಶೀಲನೆ ನಡುನಡುವೆ ತಪ್ಪನ್ನು ಗುರುತಿಸಿ, ಹಿಂದಿನ ಸರಿಯಾದ ಹಂತದಿಂದ ಲೆಕ್ಕವನ್ನು ಮುಂದುವರಿಸುತ್ತದೆ. ಜೊತೆಗೆ, ಕೆಲಸ ನಿಜವಾಗಿ ನಡೆದಿದೆ ಎಂಬುದಕ್ಕೆ ಪುರಾವೆಯ ಕಡತವೊಂದು ಸಿದ್ಧವಾಗುತ್ತದೆ. ಇನ್ನೊಂದು ಕಂಪ್ಯೂಟರ್ ಮೂಲ ಶ್ರಮದ ಅತಿ ಸಣ್ಣ ಪಾಲಿನಲ್ಲೇ ಅದನ್ನು ಪರಿಶೀಲಿಸಬಲ್ಲದು. ಅಪರಿಚಿತರ ಸಾವಿರಾರು ಯಂತ್ರಗಳನ್ನು ನೆಚ್ಚಿಕೊಂಡ ಯೋಜನೆಗೆ ಇದಕ್ಕಿಂತ ಉತ್ತಮವಾದ ವ್ಯವಸ್ಥೆಯನ್ನು ನಾನು ಕಂಡಿಲ್ಲ. ಫರ್ಮಾ ಪರೀಕ್ಷೆಯಲ್ಲಿ ತೇರ್ಗಡೆಯಾದ ಸಂಖ್ಯೆಯನ್ನು ಮಾತ್ರ ಲ್ಯೂಕಾಸ್–ಲೆಹ್ಮರ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಲಾಗುತ್ತದೆ, ಅದು ಸರಿಯಾದ ಕ್ರಮ.

ಪರದೆಯ ವಿನ್ಯಾಸ ತೀರಾ ಸರಳ. ಗಣಿತದ ಪರಿಚಯವಿಲ್ಲದವರಿಗೆ ಆಯ್ಕೆಗಳ ಅರ್ಥ ತಿಳಿಯುವುದು ಕಷ್ಟ. ಪ್ರೊಸೆಸರ್ ಸತತವಾಗಿ ಪೂರ್ಣ ಶಕ್ತಿಯಲ್ಲಿ ದುಡಿಯುವುದರಿಂದ ಬಿಸಿಯೂ ವಿದ್ಯುತ್ ವೆಚ್ಚವೂ ಹೆಚ್ಚುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಬಳಸುವವರು ಬ್ಯಾಟರಿಯ ಮೇಲೆ ನಡೆಯದಂತೆ ಹೊಂದಿಸಿ, ಕೆಲವೇ ಕೋರ್‌ಗಳನ್ನು ಇದಕ್ಕೆ ಒದಗಿಸುವುದು ಒಳ್ಳೆಯದು.