ಗುಂಡುಗಲ್ಲಿನ ಗುಡ್ಡದಲ್ಲಿ ಯಾವ ರೇಡಿಯೊ? ಹ್ಯಾಂಡಿ, ಲೋರಾ, 40 ಮೀಟರ್

ಗಂಗಾವತಿ ಕಡೆಯಿಂದ ಆನೆಗೊಂದಿ ಗುಡ್ಡಗಳ ಒಳಗೆ ಹೋದರೆ, ಇಲ್ಲವೇ ಸಂಡೂರಿನ ಕಣಿವೆಗಳಿಗೆ ಇಳಿದರೆ, ಮೊಬೈಲನ್ನು ನಂಬುವ ಹಾಗಿಲ್ಲ. ಇಂಥ ಜಾಗಗಳಲ್ಲಿ ನಾವು ಬಳಸಿ ನೋಡಿದ್ದು ಮೂರು: 145 ಮೆಗಾಹರ್ಟ್ಸ್‌ನ 5 ವಾಟ್ ಹ್ಯಾಂಡಿ (ಕೈಯಲ್ಲಿ ಹಿಡಿಯುವ ವಾಕಿಟಾಕಿ), 865–867 ಮೆಗಾಹರ್ಟ್ಸ್‌ನ ಲೋರಾ ಮೆಶ್ (ಸಂದೇಶವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಪುಟ್ಟ ರೇಡಿಯೊಗಳ ಜಾಲ), 40 ಮೀಟರ್ ಬ್ಯಾಂಡಿನ (ಸುಮಾರು 7 ಮೆಗಾಹರ್ಟ್ಸ್, ಕಿರುತರಂಗ) 10 ವಾಟ್ ಎಚ್‌ಎಫ್ ಸೆಟ್. ಉಪಗ್ರಹ ಸಂದೇಶ ಸಾಧನಗಳನ್ನು ಬೇಕೆಂದೇ ಬಿಟ್ಟಿದ್ದೇವೆ. ಸರ್ಕಾರದ ಅನುಮತಿ ಇಲ್ಲದೆ ಅವನ್ನು ಇಲ್ಲಿ ಇಟ್ಟುಕೊಂಡರೆ ಕೇಸಾಗುತ್ತದೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಈ ಸೀಮೆಯಲ್ಲಿ ಹೆಚ್ಚು ವಾಟಿಗೆ ಹಣ ಸುರಿಯುವುದು ದಂಡ. ಆ ಹಣ ಆಂಟೆನಾಗೆ ಹೋಗಲಿ.

ಹ್ಯಾಂಡಿಯಿಂದ ಶುರುಮಾಡೋಣ. ಮಾತು ತಕ್ಷಣ ತಲುಪುತ್ತದೆ, ಗುಂಡಿ ಒತ್ತಿದರೆ ಆಯಿತು. ಆದರೆ ಈ ಅಲೆ ನೇರ ನೋಟದ ದಾರಿಯಲ್ಲೇ ಹೋಗುತ್ತದೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ಹಿಡಿದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. ಬಯಲಲ್ಲಿ ನಿಂತವನಿಗೆ 5 ಕಿ.ಮೀ., ಗದ್ದೆಗಳಿಂದ 100 ಮೀಟರ್ ಮೇಲೆ ನಿಂತವನಿಗೆ 41 ಕಿ.ಮೀ. ಹಾಗಾಗಿ ಅಂಜನಾದ್ರಿಯಂಥ ಎತ್ತರದಿಂದ ಭತ್ತದ ಬಯಲಿನವರೊಡನೆ ಆರಾಮಾಗಿ ಮಾತಾಡಬಹುದು. ಅದೇ ಗುಡ್ಡದ ಹಿಂಬದಿಯ ಕೊರಕಲಿಗೆ ಇಳಿದರೆ ಒಂದೇ ಕಿಲೋಮೀಟರಿನಲ್ಲೂ ಬರೀ ಸದ್ದು. ವಾಟ್ ಏರಿಸಿದರೂ ಬಂಡೆಯ ನೆರಳು ಸರಿಯುವುದಿಲ್ಲ. ಆದರೆ ಒಂದು ಹೆಜ್ಜೆ ಆಚೀಚೆ ಸರಿದು ನೋಡಿ. ಅಲೆಯ ಉದ್ದ 2 ಮೀಟರ್, ಬಂಡೆಗಳಿಗೆ ಬಡಿದು ಬಂದ ಅಲೆಗಳು ಒಂದನ್ನೊಂದು ಅಳಿಸುವ ಜಾಗದಿಂದ ಕೂಡುವ ಜಾಗಕ್ಕೆ ಅರ್ಧ ಮೀಟರೂ ಸಾಕು.

ಜೊತೆಗೆ ಬರುವ ರಬ್ಬರ್ ಆಂಟೆನಾವೇ ಹ್ಯಾಂಡಿಯ ದೊಡ್ಡ ಕೊರತೆ. ಖರ್ಚಿಲ್ಲದ ಪರಿಹಾರ 49 ಸೆಂ.ಮೀ. ಮೆತ್ತನೆಯ ವೈರ್. ಅದರ ಒಂದು ತುದಿಯನ್ನು ಆಂಟೆನಾ ಕನೆಕ್ಟರಿನ ಹೊರ ಲೋಹಕ್ಕೆ ತಾಗುವಂತೆ ಸಿಕ್ಕಿಸಿ, ಉಳಿದದ್ದನ್ನು ಕೆಳಗೆ ಇಳಿಬಿಡಿ. ನಡುಪಿನ್ನಿಗೆ ತಾಗಿದರೆ ಶಾರ್ಟ್ ಆಗುತ್ತದೆ, ಎಚ್ಚರ. ಇದಕ್ಕಿಂತ ಮೇಲು ಎಂದರೆ ರಿಬ್ಬನ್ ವೈರಿನ, ಸುರುಳಿ ಸುತ್ತಿಡಬಹುದಾದ ಜೆ-ಪೋಲ್ ಎಂಬ ಉದ್ದ ಆಂಟೆನಾವನ್ನು ಬಿದಿರುಗಳುವಿಗೆ ಕಟ್ಟಿ 4 ಮೀಟರ್ ಮೇಲಕ್ಕೆ ಎತ್ತುವುದು. ಅದಕ್ಕೆ ಆರ್‌ಜಿ-174 ಕೇಬಲ್ ಹಾಕಬೇಡಿ, 145 ಮೆಗಾಹರ್ಟ್ಸ್‌ನಲ್ಲಿ 10 ಮೀಟರಿಗೆ ಸುಮಾರು ಅರ್ಧ ಶಕ್ತಿ ಕೇಬಲಿನಲ್ಲೇ ಮುಗಿಯುತ್ತದೆ. ಆರ್‌ಜಿ-58 ಭಾರವಾದರೂ ವಾಸಿ. ಅದನ್ನು ಸೆಟ್ಟಿಗೆ ನೇರವಾಗಿ ತಿರುಗಿಸಿದರೆ ಎಸ್‌ಎಂಎ ಕನೆಕ್ಟರ್ ಸಡಿಲವಾಗುತ್ತದೆ, ನಡುವೆ ಒಂದು ಗೇಣು ತೆಳು ಕೇಬಲ್ ಇರಲಿ.

ಲೋರಾದಲ್ಲಿ ಮಾತಿಲ್ಲ, ಬರೀ ಸಂದೇಶ ಮತ್ತು ಜಿಪಿಎಸ್ ಸ್ಥಾನ. ಮೆಶ್‌ಟಾಸ್ಟಿಕ್ ಎಂಬ ತಂತ್ರಾಂಶ ಹಾಕಿದ ಪುಟ್ಟ ಬೋರ್ಡ್ ಬ್ಲೂಟೂತ್ ಮೂಲಕ ಮೊಬೈಲಿಗೆ ಸೇರುತ್ತದೆ. ಅದರ ಸೆಟ್ಟಿಂಗಿನಲ್ಲಿ ಪ್ರದೇಶವನ್ನು ಭಾರತ ಎಂದೇ ಆರಿಸಬೇಕು. ಕೊಳ್ಳುವಾಗ 868 ಮೆಗಾಹರ್ಟ್ಸ್ ಬೋರ್ಡ್ ಕೇಳಿ ಪಡೆಯಿರಿ, 433ರದ್ದು ಇಲ್ಲಿ ನಡೆಯದು. ಆಂಟೆನಾ ಸಿಕ್ಕಿಸದೆ ಆನ್ ಮಾಡಿದರೆ ಚಿಪ್ ಸುಡಬಹುದು. ಬಂಡೆಯ ನೆರಳು ಇದಕ್ಕೆ ಹ್ಯಾಂಡಿಗಿಂತ ಹೆಚ್ಚು ಕಾಡುತ್ತದೆ, ಯಾಕಂದರೆ ಅಲೆಯ ಉದ್ದ 35 ಸೆಂ.ಮೀ. ಮಾತ್ರ. ಅದನ್ನು ತುಂಬಿಕೊಡುವುದು ಮೆಶ್: ಗುಡ್ಡದ ನೆತ್ತಿಯಲ್ಲಿ ಒಂದು ನೋಡ್ (ಇಂಥದೇ ಒಂದು ಬೋರ್ಡ್) ಇಟ್ಟರೆ ಎರಡೂ ಬದಿಯ ಕೊರಕಲುಗಳು ಅದರ ಮೂಲಕ ಸೇರುತ್ತವೆ. ಕನ್ನಡದಲ್ಲಿ ಬರೆಯುವವರು ಒಂದು ಲೆಕ್ಕ ನೆನಪಿಡಿ. ಒಂದು ಸಂದೇಶಕ್ಕೆ ಇನ್ನೂರು ಚಿಲ್ಲರೆ ಬೈಟ್ ಮಾತ್ರ ಜಾಗ, ನಮ್ಮ ಒಂದೊಂದು ಅಕ್ಷರ, ಕಾಗುಣಿತದ ಗುರುತು ತಲಾ 3 ಬೈಟ್, ಒತ್ತು 6 ಬೈಟ್ ತಿನ್ನುತ್ತದೆ. ‘ಕ್ಷ’ ಒಂದಕ್ಕೇ 9 ಬೈಟ್. ‘ನೀರು ಬೇಕು’, ‘ಕಾಲು ಉಳುಕಿದೆ’ ಅನ್ನುವಷ್ಟು ಚುಟುಕಾಗಿ ಬರೆಯಿರಿ.

ಇವೆರಡೂ ಕೈಕೊಡುವ ಕಡೆ ನಿಲ್ಲುವುದು 40 ಮೀಟರ್. ಸಂಡೂರಿನ ಕಣಿವೆಯ ತಳದಿಂದ ಬಳ್ಳಾರಿಗೋ ರಾಯಚೂರಿಗೋ ಮಾತಾಡಬೇಕೆಂದರೆ ಅಲೆಯನ್ನು ಗುಡ್ಡದ ಕಡೆಗಲ್ಲ, ನೆತ್ತಿಯ ಮೇಲಕ್ಕೆ ಕಳಿಸಬೇಕು. ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ ಅದು ಸುತ್ತಲಿನ 200–300 ಕಿ.ಮೀ.ಗೆ ಮಳೆಯಂತೆ ಕೆಳಗಿಳಿಯುತ್ತದೆ, ನಡುವಿನ ಗುಡ್ಡ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ ಆಂಟೆನಾ ತಗ್ಗಿನಲ್ಲೇ ಇರಬೇಕು. ಎತ್ತರದ ಮರ ಹುಡುಕುವ ತಾಪತ್ರಯ ಇಲ್ಲ.

ಆಂಟೆನಾ ಎಂದರೆ ಇಷ್ಟೇ: ತಲಾ 10.3 ಮೀಟರಿನ ಎರಡು ತೆಳು ವೈರ್, ನಡುವೆ ಅವನ್ನು ಕೇಬಲಿಗೆ ಹೊಂದಿಸುವ ಬಾಲನ್, 10 ಮೀಟರ್ ಆರ್‌ಜಿ-174. 7 ಮೆಗಾಹರ್ಟ್ಸ್‌ನಲ್ಲಿ ಈ ತೆಳು ಕೇಬಲಿನ ನಷ್ಟ ತಡೆದುಕೊಳ್ಳುವಷ್ಟೇ. ನಡುಭಾಗವನ್ನು 5 ಮೀಟರ್ ಕೋಲಿಗೆ ಏರಿಸಿ, ತುದಿಗಳನ್ನು ಒಂದೂವರೆ ಮೀಟರ್ ಎತ್ತರಕ್ಕೆ ಇಳಿಸಿ. ಕೋಲು ಫೈಬರ್‌ಗ್ಲಾಸ್ ಆಗಲಿ, ಕಾರ್ಬನ್ನಿನದು ವಿದ್ಯುತ್ ಹರಿಸುತ್ತದೆ. ಹಾಸುಬಂಡೆಗೆ ಗೂಟ ಇಳಿಯುವುದಿಲ್ಲ, ಆದ್ದರಿಂದ ಪ್ರತಿ ತುದಿಗೆ 3 ಮೀಟರ್ ನೈಲಾನ್ ಹಗ್ಗ ಕಟ್ಟಿ ಕಲ್ಲಿಗೆ ಸುತ್ತಿ. ಎಸ್‌ಡಬ್ಲ್ಯುಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದಿದೆ ಎನ್ನುವ ಅಳತೆ) ಕೂಡಿಬರದಿದ್ದರೆ ಕತ್ತರಿ ಹಾಕಬೇಡಿ, ಎರಡೂ ತುದಿಯನ್ನು 10 ಸೆಂ.ಮೀ. ಹಿಂದಕ್ಕೆ ಮಡಿಸಿ ತಿರುಚಿ. ಆಂಟೆನಾ ಹೊಂದುವ ಆವರ್ತನ ಸುಮಾರು 70 ಕಿಲೋಹರ್ಟ್ಸ್ ಮೇಲೇರುತ್ತದೆ. ಮುಂದಿನ ಜಾಗದ ನೆಲ ಬೇರೆಯಾದರೆ ಬಿಚ್ಚಿಕೊಳ್ಳಬಹುದು.

ಸೆಟ್ ಯಾವುದಾದರೂ ಸರಿ. ಹೈದರಾಬಾದಿನ ಅಷ್ಹರ್ ಫರ್ಹಾನ್ ರೂಪಿಸಿದ ಮೈಕ್ರೊ-ಬಿಟ್‌ಎಕ್ಸ್ ನಮಗೆ ಹಿಡಿಸಿದ್ದು ಅದರ ಸರ್ಕಿಟ್ ಎಲ್ಲರಿಗೂ ತೆರೆದಿರುವುದಕ್ಕೆ, ಬೆಸುಗೆ ಬಲ್ಲವರು ತಾವೇ ರಿಪೇರಿ ಮಾಡಿಕೊಳ್ಳಬಹುದು. ಕೇಳುವಾಗ 0.3 ಆಂಪಿಯರ್, ಮಾತಾಡುವಾಗ 2 ಆಂಪಿಯರ್ ಎಂದು ಹಿಡಿದು, ಹತ್ತರಲ್ಲಿ ಒಂದು ಪಾಲು ಮಾತಾಡಿದರೆ 12.8 ವೋಲ್ಟ್, 6 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗಲೆಲ್ಲ ಸಾಕು. ಏಪ್ರಿಲ್-ಮೇ ಬಿಸಿಲಲ್ಲಿ ಬ್ಯಾಟರಿಯನ್ನು ಬಂಡೆಯ ಮೇಲಿಟ್ಟು ಸೋಲಾರ್‌ನಿಂದ ಚಾರ್ಜ್ ಮಾಡಬೇಡಿ. 45 ಡಿಗ್ರಿ ದಾಟಿದ ಲಿಥಿಯಂ ಸೆಲ್ಲಿಗೆ ಚಾರ್ಜ್ ಕೊಡುವುದು ಅಪಾಯ.

ಇದಕ್ಕೂ ಮಿತಿ ಇದೆ. ಕತ್ತಲಾಗಿ ಅಯಾನುಗೋಳ ತೆಳುವಾದ ಹಾಗೆ 7 ಮೆಗಾಹರ್ಟ್ಸ್ ನೆತ್ತಿಯಿಂದ ತೂರಿ ಹೋಗುತ್ತದೆ. ದೂರದೂರಿನವರ ದನಿ ಜೋರಾಗಿ ಕೇಳಿಸುತ್ತದೆ, ಪಕ್ಕದ ಜಿಲ್ಲೆಯವರದು ಕೇಳಿಸುವುದಿಲ್ಲ. ಆಗ 80 ಮೀಟರ್ ಬ್ಯಾಂಡ್ ಬೇಕು, ವೈರ್ ಎರಡರಷ್ಟು ಉದ್ದ. ಮುಂಗಾರಿಗೆ ಮುಂಚಿನ ಸಂಜೆಗಳಲ್ಲಿ ಸಿಡಿಲಿನ ಗದ್ದಲವೂ ಉಂಟು. ಗುಡುಗು ಕೇಳಿಸಿತೆಂದರೆ ಕೇಬಲ್ ಕಳಚಿ ಕೋಲು ಇಳಿಸಿ.

ಪರವಾನಗಿಯ ಮಾತು ಆಯ್ಕೆಯನ್ನೇ ಬದಲಿಸುತ್ತದೆ. ಹ್ಯಾಂಡಿಗೂ ಎಚ್‌ಎಫ್‌ಗೂ ಪರೀಕ್ಷೆ ಬರೆದು ಪಡೆದ ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಬೇಕು, ಅದೂ ಎರಡೂ ತುದಿಯಲ್ಲಿ. ಲೋರಾಕ್ಕೆ ಬೇಡ. ತಂಡದಲ್ಲಿ ಹ್ಯಾಮ್‌ಗಳು ಇಬ್ಬರೇ ಇದ್ದರೆ ನಾವು ಹೇಳುವುದು ಇಷ್ಟು: ಎಲ್ಲರ ಚೀಲದಲ್ಲೂ ಲೋರಾ, ಹ್ಯಾಮ್‌ಗಳಲ್ಲಿ ಒಬ್ಬರು 40 ಮೀಟರ್ ಸೆಟ್‌ನೊಂದಿಗೆ ತಂಡದ ಜೊತೆ, ಇನ್ನೊಬ್ಬರು ಊರಲ್ಲಿ ಕೇಳುತ್ತಾ. ಎಲ್ಲರೂ ಹ್ಯಾಮ್‌ಗಳೇ ಆಗಿ ಒಂದೇ ಗುಡ್ಡ ಸುತ್ತುವುದಾದರೆ ಹ್ಯಾಂಡಿ ಮತ್ತು ಜೆ-ಪೋಲ್ ಸಾಕು.

ಊರಲ್ಲಿ ಕೂತವರೊಡನೆ ಹೊರಡುವ ಮುಂಚೆಯೇ ಮಾತಾಗಿರಬೇಕು: ಪ್ರತಿ ಗಂಟೆಯ ಮೊದಲ 5 ನಿಮಿಷ ಯಾವ ಆವರ್ತನ, ಅಲ್ಲಿ ಗದ್ದಲವಿದ್ದರೆ ಎಷ್ಟು ಕಿಲೋಹರ್ಟ್ಸ್ ಮೇಲೆ, ಎರಡು ಕರೆ ತಪ್ಪಿದರೆ ಮುಂದೇನು. ಅವರ ಕೈಯಲ್ಲಿ ತಂಡದವರ ಹೆಸರು, ಗಾಡಿ ನಿಲ್ಲಿಸಿದ ಜಾಗ, ಹೋಗುವ ದಾರಿ, ಅರಣ್ಯ ಕಚೇರಿಯ ನಂಬರ್ ಬರೆದ ಹಾಳೆ ಇರಲಿ. 112ಕ್ಕೆ ಫೋನ್ ಮಾಡುವವರು ಅವರೇ, ಅಕ್ಷಾಂಶ-ರೇಖಾಂಶವನ್ನು ಅವರಿಗೆ ಒಂದೊಂದೇ ಅಂಕಿಯಾಗಿ ಹೇಳಿ, ತಿರುಗಿ ಓದಿಸಿಕೊಳ್ಳಿ.