ಕರ್ತೃವಿಲ್ಲದ ವಾಕ್ಯಗಳು: ಮಕ್ಕಳ ರಕ್ಷಣಾ ತಂಡದಲ್ಲಿ ಕೌಟುಂಬಿಕ ಹಿಂಸೆ ತಜ್ಞೆಯ ಸೇವೆ

ಮಕ್ಕಳ ರಕ್ಷಣೆಯ ಕೆಲಸ ಮಾಡುವ ನಮ್ಮ ತಂಡಕ್ಕೆ ಕೌಟುಂಬಿಕ ಹಿಂಸೆಯ ಪ್ರಕರಣಗಳಲ್ಲಿ ಪಳಗಿದ ಕಾರ್ಯಕರ್ತೆಯೊಬ್ಬರ ಸಲಹಾ ಸೇವೆ ದೊರೆತು ಎರಡು ವರ್ಷಗಳಾದವು. ಇಂಥದೇ ವ್ಯವಸ್ಥೆ ತಮಗೂ ಬೇಕೇ ಎಂದು ಯೋಚಿಸುತ್ತಿರುವ ತಂಡಗಳಿಗೆ ನೆರವಾಗಲೆಂದು, ಆ ಸೇವೆಯನ್ನು ಹತ್ತಿರದಿಂದ ಬಳಸಿದವಳಾಗಿ ನನ್ನ ಅನುಭವವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲ ವಾರದಲ್ಲಿ ಅವರು ನಮ್ಮ ಹಳೆಯ ಕಡತಗಳನ್ನು ತರಿಸಿಕೊಂಡು ಓದಿ, ಕೆಲವು ವಾಕ್ಯಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ಹಿಂದಿರುಗಿಸಿದರು. ‘ಮನೆಯಲ್ಲಿ ಆಗಾಗ ಜಗಳವಾಗುತ್ತದೆ’, ‘ತಾಯಿಗೆ ಏಟು ಬಿದ್ದಿದೆ’, ‘ಮಕ್ಕಳು ಹಿಂಸೆಯ ವಾತಾವರಣದಲ್ಲಿ ಬೆಳೆಯುತ್ತಿದ್ದಾರೆ’. ಈ ಮೂರರಲ್ಲಿ ಒಂದರಲ್ಲಿಯೂ ಹೊಡೆದವನು ಇರಲಿಲ್ಲ. ಕರ್ತೃವನ್ನು ಬಿಟ್ಟರೂ ಕನ್ನಡ ವಾಕ್ಯಕ್ಕೆ ಕೊರತೆಯಾಗುವುದಿಲ್ಲವಾದ್ದರಿಂದ ನಾವು ವರ್ಷಗಟ್ಟಲೆ ಹಾಗೆಯೇ ಬರೆಯುತ್ತ ಬಂದಿದ್ದೆವು. ಆದರೆ ಅದೇ ಕಡತದ ಕೊನೆಯ ಪುಟದಲ್ಲಿ ‘ತಾಯಿಯು ಮಕ್ಕಳನ್ನು ರಕ್ಷಿಸುವಲ್ಲಿ ವಿಫಲಳಾಗಿದ್ದಾಳೆ’ ಎಂದು ಬರೆಯುವಾಗ ಮಾತ್ರ ಕರ್ತೃವನ್ನು ಮರೆತಿರಲಿಲ್ಲ. ಅದನ್ನು ಕಂಡ ದಿನ ನನಗಾದ ಸಂಕಟವನ್ನು ಈಗಲೂ ಮರೆತಿಲ್ಲ, ಏಕೆಂದರೆ ಆ ಪುಟ ನನ್ನ ಕೈಬರಹದ್ದಾಗಿತ್ತು.

ಒಂದು ಪ್ರಕರಣದ ಸಮಾಲೋಚನೆಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ತಂದೆ ಏನು ಮಾಡಿದ, ಯಾರ ಮೇಲೆ ಮಾಡಿದ, ಹಣ, ಫೋನು, ನೆಂಟರ ಭೇಟಿ ಇವುಗಳ ಮೇಲೆ ಅವನ ಹಿಡಿತ ಎಷ್ಟಿದೆ, ಅದರಿಂದ ಮಗುವಿನ ನಿದ್ರೆ, ಊಟ, ಓದು ಹೇಗೆ ಕೆಟ್ಟಿವೆ ಎಂಬುದನ್ನು ಅವರು ಒಂದೊಂದಾಗಿ ಕೇಳುತ್ತಾರೆ. ಆಮೇಲೆ, ಮಗುವನ್ನು ಕಾಪಾಡಲು ತಾಯಿ ಏನೇನು ಮಾಡಿದ್ದಾಳೆ ಎಂದು ಕೇಳುತ್ತಾರೆ. ‘ಏನೂ ಮಾಡಿಲ್ಲ’ ಎಂದು ನಾನು ಒಮ್ಮೆ ಉತ್ತರಿಸಿದ್ದೆ. ಅವರು ನನ್ನನ್ನು ಮತ್ತೆ ಆ ಮನೆಗೆ ಕಳುಹಿಸಿದಾಗ, ಅವನು ಬರುವ ಹೊತ್ತಿಗೆ ಮೊದಲೇ ಮಕ್ಕಳಿಗೆ ಉಣಿಸಿ ಮಲಗಿಸುವುದು, ಅವನ ಮುಖ ನೋಡಿಯೇ ಅಪಾಯ ಅರಿತು ಮಕ್ಕಳನ್ನು ಪಕ್ಕದ ಮನೆಗೆ ಕಳುಹಿಸುವುದು, ಅವನ ಸಿಟ್ಟು ಮಗನತ್ತ ತಿರುಗದಿರಲೆಂದು ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವುದು, ಇವೆಲ್ಲ ಆ ತಾಯಿಯ ನಿತ್ಯದ ಕೆಲಸಗಳೆಂದು ತಿಳಿಯಿತು. ಅವಳು ಆ ಮನೆ ಬಿಟ್ಟು ಹೊರಡದಿದ್ದುದೂ ಅಜಾಗರೂಕತೆಯಲ್ಲ. ಬಿಟ್ಟುಹೋದರೆ ಕೊಲ್ಲುತ್ತೇನೆಂದು ಅವನು ಹೇಳಿದ್ದ, ಮತ್ತು ಹೆಣ್ಣೊಬ್ಬಳು ಬಿಟ್ಟು ಹೊರಡುವ ಹೊತ್ತೇ ಅವಳಿಗೆ ಅತ್ಯಂತ ಅಪಾಯದ ಹೊತ್ತುಗಳಲ್ಲಿ ಒಂದು.

ಅಪಾಯವನ್ನು ಅಳೆಯಲು ಅವರು ಬಳಸುವುದು ಅಮೆರಿಕದ ನರ್ಸಿಂಗ್ ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ 1980ರ ದಶಕದಲ್ಲಿ ರೂಪಿಸಿದ ‘ಡೇಂಜರ್ ಅಸೆಸ್‌ಮೆಂಟ್’. ಮೊದಲು ತಾಯಿಯು ಕಳೆದ ಒಂದು ವರ್ಷದ ಕ್ಯಾಲೆಂಡರಿನಲ್ಲಿ ಹಿಂಸೆ ನಡೆದ ದಿನಗಳನ್ನು ಗುರುತಿಸುತ್ತಾಳೆ, ಬಳಿಕ 20 ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂದು ಉತ್ತರಿಸುತ್ತಾಳೆ. ನನ್ನ ಮಟ್ಟಿಗೆ ಆ ಕ್ಯಾಲೆಂಡರಿನ ಬೆಲೆ ಉತ್ತರಗಳಿಂದ ಬರುವ ಅಂಕಗಳಿಗಿಂತ ಹೆಚ್ಚು. ಮಗುವಿಗೆ ಜ್ವರ ಬಂದ ವಾರ, ಪರೀಕ್ಷೆಯ ಹಿಂದಿನ ರಾತ್ರಿ ಎಂದು ನೆನೆಸಿಕೊಳ್ಳುತ್ತ ಗುರುತು ಹಾಕಿದ ತಾಯಿಯೊಬ್ಬಳು, ಗುರುತುಗಳು ಹತ್ತಿರಹತ್ತಿರವಾಗುತ್ತ ಬಂದಿರುವುದನ್ನು ಕಂಡು ತಾನೇ ಸುಮ್ಮನಾದಳು. ಪ್ರಶ್ನೆಗಳಲ್ಲಿ ಕತ್ತು ಹಿಸುಕಿದ ವಿಷಯವೂ ಒಂದು. ಹಿಂದೆ ಕತ್ತು ಹಿಸುಕಿಸಿಕೊಂಡ ಹೆಂಗಸು ಮುಂದೆ ಅದೇ ಗಂಡಸಿನಿಂದ ಕೊಲೆಯಾಗುವ ಸಂಭವ ಏಳು ಪಟ್ಟಿಗಿಂತ ಹೆಚ್ಚೆಂದು 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಹಲವು ಬಾರಿ ಮೈಮೇಲೆ ಗುರುತು ಉಳಿಯದ ಕಾರಣ ನಾವು ಅದನ್ನು ಕೇಳುತ್ತಲೇ ಇರಲಿಲ್ಲ. ಆದರೆ ಈ ಸಾಧನ ಅಳೆಯುವುದು ತಾಯಿಯ ಪ್ರಾಣಾಪಾಯವನ್ನೇ ಹೊರತು ಮಗುವಿನ ಅಪಾಯವನ್ನಲ್ಲ. ಅಂಕ ಕಡಿಮೆ ಬಂದಿತೆಂದು ಮಗು ಸುರಕ್ಷಿತವೆಂದು ಬರೆಯುವುದು ತಪ್ಪಾಗುತ್ತದೆ.

ತಾಯಿಯ ಮೇಲಿನ ಹಿಂಸೆಗೆ ತಾಯಿಯನ್ನೇ ಹೊಣೆಯಾಗಿಸುವ ರೂಢಿಯನ್ನು ನ್ಯಾಯಾಲಯಗಳೂ ಪ್ರಶ್ನಿಸಿವೆ. ಹಿಂಸೆಗೊಳಗಾದಳೆಂಬ ಒಂದೇ ಕಾರಣಕ್ಕೆ ತಾಯಿಯಿಂದ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರವೆಂದು ನಿಕೋಲ್ಸನ್ ಪ್ರಕರಣದಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವು 2002ರಲ್ಲಿ ಹೇಳಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಕೌಟುಂಬಿಕ ಹಿಂಸೆ ಕಾಯ್ದೆಯು ಹಿಂಸೆಯನ್ನು ನೋಡುವ, ಕೇಳುವ ಅಥವಾ ಅದರ ಪರಿಣಾಮವನ್ನು ಅನುಭವಿಸುವ ಮಗುವನ್ನೂ ಸಂತ್ರಸ್ತನೆಂದೇ ಪರಿಗಣಿಸುತ್ತದೆ. ಈ ಎರಡು ಮಾತುಗಳನ್ನು ಒಟ್ಟಿಗೆ ಹಿಡಿದುಕೊಂಡು ಕೆಲಸ ಮಾಡುವುದನ್ನು ನಮಗೆ ಕಲಿಸಿದ್ದೇ ಈ ಸೇವೆ.

ಕೊರತೆಗಳೂ ಇವೆ. ಮೂರು ತಂಡಗಳಿಗೆ ಒಬ್ಬರೇ ಇರುವುದರಿಂದ ಸಮಾಲೋಚನೆಗೆ ಕೆಲವೊಮ್ಮೆ ನಾಲ್ಕು ದಿನ ಕಾಯಬೇಕಾಗುತ್ತದೆ, ಇಂಥ ಪ್ರಕರಣಗಳಲ್ಲಿ ನಾಲ್ಕು ದಿನ ಬಹಳ ದೀರ್ಘ. ಅವರಿಗಿರುವುದು ಸಲಹೆ ಕೊಡುವ ಅಧಿಕಾರ ಮಾತ್ರ, ತೀರ್ಮಾನ ಮೇಲಧಿಕಾರಿಗಳದು. ತಂದೆಯನ್ನು ನೇರವಾಗಿ ಭೇಟಿಯಾಗಿ ಹೊಣೆ ಕೇಳುವ ಕೆಲಸ ಇನ್ನೂ ನಮ್ಮಲ್ಲಿ ತೀರ ದುರ್ಬಲವಾಗಿದೆ. ಅದಕ್ಕೆ ಪ್ರತ್ಯೇಕ ತರಬೇತಿ ಬೇಕು. ಹಾಗೂ ಅವರೊಂದಿಗೆ ನನಗೆ ಯಾವಾಗಲೂ ಒಮ್ಮತವಿದೆಯೆಂದೇನಲ್ಲ. ತಾಯಿ ಎಷ್ಟೇ ಹೆಣಗಿದರೂ ಮಗುವಿಗೆ ತಕ್ಷಣದ ಅಪಾಯ ಉಳಿದೇ ಇರುವ ಸಂದರ್ಭಗಳಿವೆ, ಅಲ್ಲಿ ಮಗುವನ್ನು ಬೇರೆಡೆ ಇರಿಸಲೇಬೇಕೆಂದು ನಾನು ವಾದಿಸಿದ್ದೇನೆ.

ಈ ಸೇವೆಯನ್ನು ಬಳಸುವವರು ವರದಿ ಬರೆದು ಮುಗಿಸಿದ ಮೇಲೆ ಅಭಿಪ್ರಾಯಕ್ಕೆಂದು ಕಳುಹಿಸದೆ, ಮೊದಲ ಮನೆಭೇಟಿಗೂ ಮುಂಚೆಯೇ ತಜ್ಞೆಯೊಂದಿಗೆ ಮಾತನಾಡಬೇಕು. ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ವಿಚಾರಿಸುವ ತಪ್ಪು ಅಲ್ಲಿಯೇ ತಪ್ಪುತ್ತದೆ. ತಂದೆಗೆ ತಲುಪುವ ವರದಿಯ ಪ್ರತಿಯನ್ನು ಕಳುಹಿಸುವ ಮೊದಲು ಒಮ್ಮೆ ತಜ್ಞೆಗೆ ತೋರಿಸುವುದೂ ಅಗತ್ಯ. ನಮ್ಮ ಒಂದು ವರದಿಯ ಒಂಬತ್ತನೆಯ ಪುಟದಲ್ಲಿ ತಾಯಿ ತಂಗಿದ್ದ ಅಕ್ಕನ ಮನೆಯ ವಿಳಾಸ ಅಳಿಸದೆ ಉಳಿದಿತ್ತು. ಲಕೋಟೆ ಅಂಟಿಸುವ ಮುನ್ನ ಅದನ್ನು ಕಂಡವರು ಅವರೇ.