ಸಿರೋಸಿಸ್ ಇರುವವರ 6 ತಿಂಗಳ ಲಿವರ್ ಸ್ಕ್ಯಾನ್: 5ಕ್ಕೆ 4 ಸ್ಟಾರ್

ಅಪ್ಪನಿಗೆ ಸಿರೋಸಿಸ್ ಇದೆ, ಅಂದರೆ ಲಿವರ್‌ನಲ್ಲಿ ಗಾಯದ ನಾರು ಬೆಳೆದು ಗಂಟುಗಂಟಾಗಿದೆ. ಲಿವರ್ ಕ್ಯಾನ್ಸರ್ ಬಂದರೆ ಬೇಗ ಗೊತ್ತಾಗಲಿ ಅಂತ 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮತ್ತು ಎಎಫ್‌ಪಿ (ಲಿವರ್ ಕ್ಯಾನ್ಸರ್‌ನಲ್ಲಿ ಜಾಸ್ತಿಯಾಗಬಹುದಾದ ಒಂದು ಪ್ರೋಟೀನ್) ರಕ್ತಪರೀಕ್ಷೆ ಮಾಡಿಸುತ್ತೇವೆ. ಆರಾಮಾಗಿದ್ದಾರಲ್ಲ, ಸುಮ್ನೆ ಯಾಕೆ ಅಂತ ಕೇಳುವವರು ಜಾಸ್ತಿ. ಆದರೆ ಆರಾಮಾಗಿರುವಾಗಲೇ ಮಾಡಿಸಬೇಕಾದ ಪರೀಕ್ಷೆ ಇದು, ಯಾಕಂದ್ರೆ ಗಡ್ಡೆ ಚಿಕ್ಕದಿದ್ದಾಗ ನೋವೇ ಇರುವುದಿಲ್ಲ.

ಹೆಪಟೈಟಿಸ್ ಬಿ, ಸಿ, ಕುಡಿತ, ಫ್ಯಾಟಿ ಲಿವರ್, ಕಾರಣ ಯಾವುದೇ ಇರಲಿ, ವರ್ಷಗಟ್ಟಲೆ ಉರಿಯೂತ ಇದ್ದರೆ ಲಿವರ್ ಕೋಶಗಳು ಸಾಯುತ್ತಾ ಹೊಸವು ಹುಟ್ಟುತ್ತಾ ಇರುತ್ತವೆ, ನಡುವೆ ಗಾಯದ ನಾರು ಬೆಳೆದು ಲಿವರ್ ತುಂಬಾ ಗಂಟುಗಳಾಗುತ್ತವೆ. ಹೆಚ್ಚಿನ ಗಂಟುಗಳು ನಿರಪಾಯಕಾರಿ. ಕೆಲವದರಲ್ಲಿ ಮಾತ್ರ ಡಿಎನ್‌ಎ ತಪ್ಪುಗಳು ಸೇರುತ್ತಾ ಹೋಗುತ್ತವೆ. ಮೊದಮೊದಲು ಕೆಡುವುದರಲ್ಲಿ ಟರ್ಟ್ ಜೀನ್‌ನ ಸ್ವಿಚ್ ಒಂದು: ಅದು ಆನ್ ಆದರೆ, ಇಷ್ಟು ಸಲ ಒಡೆದು ಎರಡಾದ ಮೇಲೆ ನಿಲ್ಲಬೇಕಿದ್ದ ಕೋಶ ನಿಲ್ಲುವುದೇ ಇಲ್ಲ. ಇಂಥವನ್ನು ಡಿಸ್‌ಪ್ಲಾಸ್ಟಿಕ್ ಗಂಟು ಅನ್ನುತ್ತಾರೆ, ಲೋ ಗ್ರೇಡ್, ಹೈ ಗ್ರೇಡ್ ಅಂತ. ಹೈ ಗ್ರೇಡ್‌ಗೇ ಅಪಾಯ ಜಾಸ್ತಿ, ಆದರೂ ಎಲ್ಲವೂ ಕ್ಯಾನ್ಸರ್ ಆಗುವುದಿಲ್ಲ.

ನನಗೆ ತುಂಬಾ ಆಶ್ಚರ್ಯ ಆಗಿದ್ದು ರಕ್ತದ ವಿಷಯ. ಲಿವರ್‌ಗೆ ಮುಕ್ಕಾಲು ಭಾಗ ರಕ್ತ ಬರುವುದು ಪೋರ್ಟಲ್ ವೇನ್‌ನಿಂದ, ಅಂದರೆ ಕರುಳಿನ ಕಡೆಯಿಂದ ರಕ್ತ ತರುವ ದೊಡ್ಡ ನಾಳದಿಂದ. ಗಂಟು ಕ್ಯಾನ್ಸರ್ ಕಡೆಗೆ ತಿರುಗಿದಂತೆ ಆ ದಾರಿ ಕಡಿಮೆಯಾಗಿ, ಅಪಧಮನಿಯ ಹೊಸ ನಾಳಗಳು ಬೆಳೆಯುತ್ತವೆ. ಅದಕ್ಕೇ ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣಲು ಕೊಡುವ ಇಂಜೆಕ್ಷನ್) ಹಾಕಿದ ಸಿಟಿ, ಎಂಆರ್‌ಐಯಲ್ಲಿ ಗಡ್ಡೆ ಮೊದಲು ಹೊಳೆದು ಆಮೇಲೆ ಮಂಕಾಗುತ್ತದೆ. ಸಿರೋಸಿಸ್ ಇದ್ದವರಲ್ಲಿ ಈ ಗುರುತು ಸ್ಪಷ್ಟವಾಗಿದ್ದರೆ ಎಷ್ಟೋ ಸಲ ಬಯಾಪ್ಸಿಯೇ (ಚೂರು ತೆಗೆದು ಪರೀಕ್ಷಿಸುವುದು) ಬೇಕಾಗುವುದಿಲ್ಲ!

ಇನ್ನು ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದಕ್ಕೆ ಕಾರಣ. ಅಲ್ಟ್ರಾಸೌಂಡ್ ಚಿಕ್ಕ ಗಡ್ಡೆಗಳನ್ನು ತಪ್ಪಿಸಿಬಿಡಬಹುದು, ದಪ್ಪ ಇರುವವರಲ್ಲಿ ಇನ್ನೂ ಜಾಸ್ತಿ. ಎಎಫ್‌ಪಿ ಒಂದನ್ನೇ ನಂಬುವ ಹಾಗೂ ಇಲ್ಲ, ಆರಂಭದ ಕ್ಯಾನ್ಸರ್‌ನಲ್ಲಿ ಅದು ನಾರ್ಮಲ್ ಇರಬಹುದು. ನಾವು ಹೋಗುತ್ತಿದ್ದ ಒಂದು ಸೆಂಟರ್‌ನಲ್ಲಿ ಎರಡೇ ಸಾಲಿನ ರಿಪೋರ್ಟ್ ಕೊಟ್ಟು ಕಳಿಸುತ್ತಿದ್ದರು, ಲಿವರ್ ಪೂರ್ತಿ ಕಂಡಿತಾ, ಗ್ಯಾಸ್ ಅಡ್ಡ ಬಂದು ಯಾವ ಭಾಗವಾದರೂ ಮರೆಯಾಯಿತಾ ಎಂಬ ಮಾತೇ ಇರುತ್ತಿರಲಿಲ್ಲ, ಇದು ನಿಜಕ್ಕೂ ಬೇಜಾರಿನ ಸಂಗತಿ. ದಯವಿಟ್ಟು ಅದನ್ನು ಕೇಳಿ ಬರೆಸಿಕೊಳ್ಳಿ. ಸರಿಯಾಗಿ ಕಾಣದಿದ್ದರೆ ಸಿಟಿ ಅಥವಾ ಎಂಆರ್‌ಐ ಬೇಕಾ ಅಂತ ಡಾಕ್ಟರನ್ನು ಕೇಳಿ. 1 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಹೊಸ ಗಂಟು ಕಂಡರಂತೂ ಮುಂದಿನ 6 ತಿಂಗಳವರೆಗೆ ಕಾಯುವ ಮಾತೇ ಇಲ್ಲ.

ಹೆಪಟೈಟಿಸ್ ಸಿ ಮಾತ್ರೆಯಿಂದ ವಾಸಿಯಾಗಿದೆ ಅಂತ ಕೆಲವರು ಸ್ಕ್ಯಾನ್ ಬಿಟ್ಟುಬಿಡುತ್ತಾರೆ. ಅಷ್ಟರೊಳಗೆ ಸಿರೋಸಿಸ್ ಆಗಿದ್ದರೆ ಬಿಡಬೇಡಿ, ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.